ವೆಂಕಟನ ಮೇಲೆ ಬಂದ ಮಾತು

ಕುಮಟೆಯಲ್ಲಿ ನರೇಶನಿಗೆ ಒಳ್ಳೆಯ ಹೆಸರಿತ್ತು. ಗಾಡಿಯ ಹಾರ್ನು, ಲೈಟು, ವಯರಿಂಗು ಏನು ಕೆಟ್ಟರೂ ಜನ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರಿನ ಗತ್ತಿನಲ್ಲೇ ಅವನೊಂದು ಮಾತು ಆಡಿಬಿಟ್ಟ.

ಸಂತೆಗುಳಿಯ ಕಮಲಾಕರ ಹೆಗಡೆಯವರ ಅಂಬಾಸಿಡರ್ ಬೆಳಗಾದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಅದನ್ನು ತಳ್ಳಿ ತಳ್ಳಿ ಸಾಕಾಗಿ ನರೇಶನ ಹತ್ತಿರ ತಂದರು. ಅಂದು ಅಂಗಡಿ ತುಂಬ ಗಾಡಿ. ನರೇಶ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ನೋಡಿ, "ಬ್ಯಾಟರಿಗೆ ಎಂತ ಆಗ್ಲಿಲ್ಲ ಹೆಗಡೇರೆ. ರಾತ್ರಿ ಯಾರೋ ಕಾರಲ್ಲಿ ಟೇಪ್ ಹಚ್ಕಂಡು ಕೂರ್ತಾರೆ, ಅಷ್ಟೇಯ" ಎಂದ.

ಹೆಗಡೆಯವರ ಕಾರ್ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದವನು ಡ್ರೈವರ್ ವೆಂಕಟ ಒಬ್ಬನೇ, ಕೀಲಿಯೂ ಅವನ ಹತ್ತಿರವೇ. "ನಾ ಮುಟ್ಟೂದೇ ಇಲ್ಲ" ಎಂದು ಅವನು ಅಲ್ಲೇ ನಿಂತು ಹೇಳಿದ. ಹೆಗಡೆಯವರು ನಂಬಲಿಲ್ಲ. ಆ ವಾರವೇ ಅವನನ್ನು ಕೆಲಸದಿಂದ ಬಿಡಿಸಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಕಾರು ಅದೇ ದೂರಿನೊಂದಿಗೆ ಮತ್ತೆ ಬಂತು. ಹೊಸ ಡ್ರೈವರು ಸಂಜೆಗೇ ಮನೆಗೆ ಹೋಗುವವನು, ಕೀಲಿ ಹೆಗಡೆಯವರ ಕೋಣೆಯಲ್ಲೇ ಇರುತ್ತಿತ್ತು. ಹಾಗಾದರೆ ರಾತ್ರಿ ಟೇಪ್ ಹಚ್ಚುವವರು ಯಾರು ಎಂದು ನರೇಶನಿಗೆ ಅನುಮಾನ ಬಂತು. ಬ್ಯಾಟರಿಯ ಅರ್ತ್ ವಯರು ಬಿಚ್ಚಿ, ನಡುವೆ ಒಂದು ಸಣ್ಣ ಬಲ್ಬು ಸೇರಿಸಿದ; ಎಲ್ಲಿಯಾದರೂ ಕರೆಂಟು ಸೋರುತ್ತಿದ್ದರೆ ಅದು ಹತ್ತುತ್ತದೆ. ಕೀಲಿ ತೆಗೆದಿದೆ, ಬಾಗಿಲು ಮುಚ್ಚಿದೆ, ಬಲ್ಬು ಹತ್ತಬಾರದು. ಹತ್ತಿತು. ಫ್ಯೂಜುಗಳನ್ನು ಒಂದೊಂದಾಗಿ ಕಿತ್ತರೂ ಆರಲಿಲ್ಲ. ಸೀಟಿನ ಅಡಿಗೆ ಕೈ ಹಾಕಿದರೆ ಟೇಪಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರು ಬೆಚ್ಚಗಿತ್ತು. ಅದರ ವಯರು ಕಿತ್ತ ಕೂಡಲೇ ಬಲ್ಬು ಆರಿತು.

ಅದನ್ನು ಕೂಡಿಸಿದವನು ಅವನೇ. ಹಿಂದಿನ ದೀಪಾವಳಿಯ ಗಡಿಬಿಡಿಯಲ್ಲಿ ವಯರನ್ನು ಕೀಲಿಯ ಮೂಲಕ ಎಳೆಯದೆ ನೇರ ಬ್ಯಾಟರಿಗೇ ಕೊಟ್ಟಿದ್ದ. ಕೀಲಿ ತೆಗೆದರೂ ಅದು ರಾತ್ರಿಯಿಡೀ ಬ್ಯಾಟರಿ ತಿನ್ನುತ್ತಿತ್ತು.

ಹೆಗಡೆಯವರಿಗೆ ಹೇಳಿದ. ಅವರು ರಸ್ತೆಯ ಕಡೆ ಮುಖ ತಿರುಗಿಸಿ, "ಆದದ್ದು ಆತು ಮಾರಾಯ. ಈಗ ಬೇರೆಯವ ಇದ್ದಾನಲ್ಲ" ಎಂದರು.

ನರೇಶ ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಬಸ್ಸು ಹತ್ತಿ ಹೊನ್ನಾವರ ದಾಟಿ, ಅಪ್ಸರಕೊಂಡದ ಹತ್ತಿರದ ವೆಂಕಟನ ಮನೆ ಹುಡುಕಿದ. ವೆಂಕಟ ಅಂಗಳದಲ್ಲಿದ್ದ; ಕೆಲಸ ಹೋದ ಮೇಲೆ ಬಂದರಿನಲ್ಲಿ ಐಸು ಹೊತ್ತು ಅವನ ಭುಜದ ಮೇಲೆ ಚರ್ಮ ಕೆಂಪೆದ್ದಿತ್ತು. ನರೇಶ ತಡವರಿಸುತ್ತ ಎಲ್ಲವನ್ನೂ ಹೇಳಿದ.

"ನನ್ನ ಹತ್ರ ಎಂತಕ್ಕೆ ಹೇಳ್ತೆ? ನಂಗೆ ಗೊತ್ತಿತ್ತಲ್ಲ" ಎಂದ ವೆಂಕಟ. "ಒಳಗೆ ಹೋಗಿ ಮಾದೇವಿ ಹತ್ರ ಹೇಳು. ಅವ್ಳೂ ನಿನ್ನ ಮಾತೇ ನಂಬಿದ್ಲು."

ಹೆಂಡತಿ ಮಾದೇವಿ ಒಲೆಯ ಮುಂದೆ ಕೂತಿದ್ದಳು. ನರೇಶ ಬಾಗಿಲಲ್ಲೇ ನಿಂತು, "ತಪ್ಪು ನಂದು ಅಕ್ಕಾ, ಅವಂದಲ್ಲ" ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಗಂಡನ ಪಕ್ಕ ನಿಂತಳು. ಚಾ ಕುಡಿಯುತ್ತೀರಾ ಎಂದು ಯಾರೂ ಕೇಳಲಿಲ್ಲ.

ಮುಂದೆ ನರೇಶನೇ ಅವರಿವರಿಗೆ ಹೇಳಿ ವೆಂಕಟನಿಗೆ ಭಟ್ಕಳದಿಂದ ಕುಮಟೆಗೆ ಓಡುವ ಟೆಂಪೋ ಒಂದರಲ್ಲಿ ಕೆಲಸ ಕೊಡಿಸಿದ. ವೆಂಕಟ ಬೇಡ ಎನ್ನಲಿಲ್ಲ. ದಾರಿಯಲ್ಲಿ ಕಂಡರೆ ಕೈಯನ್ನೂ ಎತ್ತುತ್ತಿದ್ದ. ಆದರೆ ಟೆಂಪೋದ ವಯರಿಂಗು ಕೆಟ್ಟರೆ ಮಾತ್ರ ಬೇರೆ ಅಂಗಡಿಗೇ ಒಯ್ಯುತ್ತಿದ್ದ.