ಟೊಂಗೆಯ ಕೆಳಗಿನ ಚೆಂಡು

ಸುರಪುರದಲ್ಲಿ ಗಾದಿ ಯೂನುಸನ ಅಂಗಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿದು ಮಾರುವ ಅಂಗಡಿ ಅದು. ಯಾರಾದರೂ ಗಾದಿ ಕೊಂಡರೆ ಯೂನುಸ ಅದನ್ನು ಸುತ್ತಿ, ಹಗ್ಗ ಬಿಗಿದು, ತಾನೇ ಆಟೋದೊಳಕ್ಕೆ ಎಸೆಯುತ್ತಾನೆ. ಆ ಎಸೆತವನ್ನು ನೋಡಬೇಕು. ಗಾದಿ ಮೇಲಕ್ಕೆ ಏಳುವುದೇ ಇಲ್ಲ, ನೆಲಕ್ಕೆ ಸಮನಾಗಿ ಹೋಗಿ ಸೀಟಿನ ಮೇಲೆ ಕೂರುತ್ತದೆ. ಬೀಗದ ಕೈ ಎಸೆದರೂ ಹಾಗೇ, ಸಾಬೂನು ಎಸೆದರೂ ಹಾಗೇ. ಊರಿನಲ್ಲಿ ಐವತ್ತು ದಾಟಿದ ಕೆಲವೇ ಗಂಡಸರಿಗೆ ಈ ಎಸೆತ ಗೊತ್ತು. ಅವರೆಲ್ಲ ಒಂದು ಕಾಲಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವರು, ಅದೂ ಬೇವಿನ ಮರವೊಂದರ ಕೆಳಗೆ ಆಡಿದವರು.

ಆಗ ಸಿಮೆಂಟಿನ ಅಂಗಳವೆಲ್ಲಿ ಬಂತು! ಶಾಲೆಯ ಹಿಂದೆ ಗರಸು ಹಾಕಿ ತುಳಿದ ನೆಲ. ಅತ್ತ ಒಂದು ಕಂಬ, ಇತ್ತ ಒಂದು ಕಂಬ. ಹಲಗೆಗಳನ್ನು ಕೂಡಿಸಿ ಮೊಳೆ ಹೊಡೆದ ಬೋರ್ಡು. ಬಲೆಯೇ ಇಲ್ಲದ ರಿಂಗು. ಇಡೀ ಶಾಲೆಗೆ ಒಂದೇ ಚೆಂಡು, ಅದೂ ಮಳೆಗೆ ನೆಂದು ಕುಂಬಳಕಾಯಿಯಂತೆ ಭಾರವಾಗಿರುತ್ತಿತ್ತು. ಒಂದು ಕಂಬದ ಪಕ್ಕಕ್ಕೆ ದೊಡ್ಡ ಬೇವಿನ ಮರವಿತ್ತು. ಅದರ ದಪ್ಪ ಟೊಂಗೆಯೊಂದು ರಿಂಗಿನ ಮುಂದೆ ಅಡ್ಡಡ್ಡ ಚಾಚಿಕೊಂಡಿತ್ತು. ಬಿಸಿಲಿಗೆ ಹೆದರಿ ಹುಡುಗರು ಅಭ್ಯಾಸವನ್ನೆಲ್ಲ ಆ ಮರದ ಕಡೆಯೇ ಮಾಡುತ್ತಿದ್ದರು.

ಟೊಂಗೆ ಕಡಿಸಿಬಿಡಿ ಎಂದು ಯಾರಾದರೂ ಅಂದರೆ ಆಟ ಕಲಿಸುತ್ತಿದ್ದ ಅಮರಪ್ಪ ಮಾಸ್ತರರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಗಿಡ ಮೊದಲ ಬಂದದ, ನೀವು ಆಮ್ಯಾಲ ಬಂದೀರಿ. ಅದರ ಕೆಳಗ ಹಾಕೋದು ಕಲೀರಿ."

ಕಲಿತರು. ಚೆಂಡು ಟೊಂಗೆಯ ಕೆಳಗೆ ನುಗ್ಗಿ, ಹಲಗೆಗೆ ಟಕ್ಕೆಂದು ಬಡಿದು, ರಿಂಗಿನೊಳಕ್ಕೆ ಬೀಳಬೇಕು. ಟೊಂಗೆಗೆ ತಗುಲಿತೋ, ಚೆಂಡು ಎದುರಿನವರ ಪಾಲು. ಹಾಗೆ ತಗುಲಿದಾಗ ಆಡುವವರು, ನೋಡುವವರು ಎಲ್ಲ ಸೇರಿ "ಟೊಂಗೀ!" ಎಂದು ಕೂಗುತ್ತಿದ್ದರು. ಶಹಾಪುರ, ಯಾದಗಿರಿಯಿಂದ ಆಡಲು ಬಂದವರಿಗೆ ಆ ಕೂಗು ಕೇಳಿ ಕೇಳಿಯೇ ತಲೆ ಕೆಡುತ್ತಿತ್ತು. ಸುರಪುರದವರನ್ನು ಸುರಪುರದಲ್ಲಿ ಸೋಲಿಸುವುದು ಯಾರಪ್ಪನ ಕೈಯಲ್ಲೂ ಆಗುತ್ತಿರಲಿಲ್ಲ.

ಆಟವೂ ಆಗ ಬೇರೆಯೇ ಇತ್ತು. ಉದ್ದನೆಯವನಿಗೇ ಮರ್ಯಾದೆ. ಯೂನುಸನ ಗೆಳೆಯ ಹುಲಗಪ್ಪ ತಾಳೆಮರದಂತೆ ಇದ್ದ, ರಿಂಗಿನ ಕೆಳಗೆ ನಿಂತರೆ ಅವನದೇ ರಾಜ್ಯ. ಗಿಡ್ಡನೆಯ ಯೂನುಸನ ಕೆಲಸ ಚೆಂಡು ತಂದು ಅವನ ಕೈಗೆ ಕೊಡುವುದು, ಅವನನ್ನು ಯಾರಾದರೂ ಮುತ್ತಿದರೆ ತಾನೇ ಹತ್ತಿರದಿಂದ ಹಲಗೆಗೆ ಬಡಿಯುವುದು. ಎಲ್ಲಿಂದ ಹಾಕಿದರೂ ಎರಡೇ ಪಾಯಿಂಟು. ಅಂಗಿಯ ನಂಬರು ನಾಲ್ಕರಿಂದ ಶುರು. ಒಂದು, ಎರಡು, ಮೂರು ಯಾಕಿಲ್ಲ ಅಂತ ಕೇಳಿದರೆ, ಅವು ಅಂಪೈರು ಪಾಯಿಂಟು, ತಪ್ಪು ಬೆರಳಲ್ಲಿ ತೋರಿಸೋದಕ್ಕೆ ಬೇಕು ಎಂದು ಅಮರಪ್ಪ ಮಾಸ್ತರರು ಗದರುತ್ತಿದ್ದರು.

ಆಮೇಲೆ ಒಂದು ವರ್ಷ ರಿಂಗಿನಿಂದ ದೂರದಲ್ಲಿ ಸುಣ್ಣದ ಪುಡಿಯ ಹೊಸ ಗೆರೆಯೊಂದು ಬಂತು. ಅದರ ಆಚೆಯಿಂದ ಹಾಕಿದರೆ ಮೂರು ಪಾಯಿಂಟಂತೆ. ಶಹಾಪುರದ ಹುಡುಗರು ತಮ್ಮೂರ ಅಂಗಳದಲ್ಲಿ ಆ ಗೆರೆಯ ಹಿಂದೆ ನಿಂತು ಚೆಂಡನ್ನು ಆಕಾಶಕ್ಕೆ ಎತ್ತಿ ಎತ್ತಿ ಹಾಕಿದರು, ಚೆಂಡು ದಬದಬನೆ ಒಳಗೆ ಬಿತ್ತು. ಸುರಪುರದವರು ಅಲ್ಲಿಂದ ಎಸೆದದ್ದೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ತಿರುಗಿ ಬಂತು. ಯೂನುಸ ಒಂದು ಸಲ ಗಾಳಿಯನ್ನು ಬೈದ, ಒಂದು ಸಲ ರಿಂಗನ್ನು ಬೈದ, ಅಂಪೈರನನ್ನಂತೂ ಪ್ರತಿ ಸಲವೂ ಬೈದ. ತನ್ನ ಕೈಯನ್ನು ಮಾತ್ರ ಬೈಯಲಿಲ್ಲ. ಅಷ್ಟರಲ್ಲಿ ಮದುವೆಯಾಯಿತು, ಅಂಗಡಿ ಬಂತು, ಆಟ ಬಿಟ್ಟುಹೋಯಿತು. ಒಂದು ಬಿರುಗಾಳಿಗೆ ಬೇವಿನ ಮರ ಬಿತ್ತು. ಆ ಜಾಗಕ್ಕೆ ಸಿಮೆಂಟು ಬಂತು, ಹಲಗೆ ಹೋಗಿ ಗಾಜಿನಂಥ ಬೋರ್ಡು ಬಂತು. ಮರದ ಟೊಂಗೆ ಯೂನುಸನ ಕೈಯಲ್ಲಿ ಮಾತ್ರ ಉಳಿದಿತ್ತು.

ಆ ಕೈಯಿಂದಲೇ ಅವನು ಕೊನೆಯ ಮಗಳು ನುಜ್ಹತಳಿಗೆ ಆಟ ಕಲಿಸಿದ. ಮನೆಯಲ್ಲಿ ಅವರದು ದಖನಿ ಮಾತು. ಆದರೆ ಚೆಂಡಿನ ವಿಷಯ ಬಂದರೆ ಸಾಕು, ಅಪ್ಪ ಮಗಳು ಕನ್ನಡಕ್ಕೆ ಜಿಗಿದುಬಿಡುತ್ತಿದ್ದರು, ಯಾಕೆಂದರೆ ಆಟ ಕಲಿತದ್ದೇ ಕನ್ನಡದಲ್ಲಿ. ಹುಡುಗಿ ಅಪ್ಪನಂತೆಯೇ ಗಿಡ್ಡ, ಅಪ್ಪನಂತೆಯೇ ಚುರುಕು. ಹತ್ತಿರದಿಂದ ಬೋರ್ಡಿಗೆ ಬಡಿದು ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಯೂನುಸ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ, "ನೋಡ್ರಿ ಬೇಕಾದ್ರ, ನಂದ ಕೈ ಅದು."

ಈ ವರ್ಷ ನುಜ್ಹತ ಪಿಯುಸಿ ಎರಡನೆಯ ವರ್ಷ. ಜಿಲ್ಲೆಯ ಹುಡುಗಿಯರ ತಂಡಕ್ಕೆ ಸೇರಲು ಇದೇ ಕೊನೆಯ ಅವಕಾಶ, ಆಮೇಲೆ ವಯಸ್ಸು ಮೀರುತ್ತದೆ. ಆಯ್ಕೆ ಯಾದಗಿರಿಯಲ್ಲಿ. ಅದಕ್ಕೆ ಇನ್ನೂ ಒಂದು ತಿಂಗಳಿರುವಾಗ ಒಂದು ಸಂಜೆ ಅವಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಯಾದಗಿರಿಯಿಂದ ಬಂದು ಕಾಲೇಜಿನಲ್ಲಿ ಆಟ ಕಲಿಸುವ ಮಲ್ಲೇಶ್ವರಿ ಮೇಡಂ, ನಿನ್ನ ಎಸೆತವನ್ನೇ ಬದಲು ಮಾಡಬೇಕು ಎಂದಿದ್ದರು.

ಯೂನುಸನಿಗೆ ಮೈಯೆಲ್ಲ ಉರಿಯಿತು. ಮರುದಿನ ಅಂಗಡಿ ಹೆಂಡತಿಗೆ ಒಪ್ಪಿಸಿ ನೇರ ಅಂಗಳಕ್ಕೇ ಹೋದ.

"ಮೇಡಂ, ಹುಡುಗಿ ಕೈ ಹಾಳ್ ಮಾಡಬ್ಯಾಡ್ರಿ. ಇದು ಸುರಪುರದ ಎಸೆತ. ನಿಮ್ಮ ಯಾದಗಿರಿ ಮಂದಿ ಇದನ್ನ ನೋಡಿ ಗಡಗಡ ನಡುಗ್ತಿದ್ರು."

ಮಲ್ಲೇಶ್ವರಿ ವಯಸ್ಸಿನಲ್ಲಿ ಚಿಕ್ಕವಳು, ಆದರೆ ಹೆದರುವ ಪೈಕಿ ಅಲ್ಲ. ನಕ್ಕಳು. ಕೈಯಿಂದ ಒಂದು ಬಳೆ ತೆಗೆದು, ಅಡ್ಡಲಾಗಿ ಅವನ ಕಣ್ಣಿನ ಎತ್ತರಕ್ಕೆ ಹಿಡಿದಳು.

"ಕಾಕಾ, ಇದು ರಿಂಗ್ ಅಂತ ತಿಳಕೋರಿ. ಮುಂದಿಂದ ನೋಡಿದ್ರ ತೂತು ಎಷ್ಟು ಕಾಣ್ತದ?"

"ಎಲ್ಲಿ ಕಾಣ್ತದ? ಒಂದು ಗೆರಿ ಕಂಡಂಗ ಕಾಣ್ತದ."

ಅವಳು ಬಳೆಯನ್ನು ಅವನ ಎದೆಯ ಕೆಳಕ್ಕೆ ಇಳಿಸಿದಳು. "ಈಗ ಮ್ಯಾಲಿಂದ ನೋಡ್ರಿ."

ಬಳೆ ಪೂರ್ತಿ ದುಂಡಗೆ ಬಾಯಿ ತೆರೆದುಕೊಂಡಿತ್ತು.

"ಚೆಂಡಿಗೂ ಹಂಗ ಕಾಣ್ತದ್ರಿ. ಹತ್ತಿರ ಇದ್ದಾಗ ಬೋರ್ಡ್ ಕೈ ಹಿಡೀತದ, ದೂರದಿಂದ ಹಿಡಿಯಂಗಿಲ್ಲ. ಉದ್ದ ಹುಡುಗ್ಯಾರು ಜಿಲ್ಲಾದಾಗ ಬೇಕಾದಷ್ಟು ಮಂದಿ ಅದಾರ. ಗಿಡ್ಡ ಹುಡುಗಿಗೆ ತಂಡದಾಗ ಜಾಗ ಬೇಕಂದ್ರ ಆ ಮೂರು ಪಾಯಿಂಟಿನ ಗೆರಿ ಒಂದ ದಾರಿ. ಇಕಿ ಚೆಂಡು ಏಳೋದ ಇಲ್ಲ. ಯಾರ್ರಿ ಇಕಿಗೆ ಹಿಂಗ ಕಲಿಸಿದವರು?"

ಯೂನುಸ ಅತ್ತಿತ್ತ ನೋಡಿದ. "ನಾನ ಕಲಿಸೀನ್ರಿ," ಎಂದ. ಆಮೇಲೆ, "ನನಗ ಒಂದು ಬೇವಿನ ಗಿಡ ಕಲಿಸಿತ್ರಿ," ಎಂದ. ಮರವನ್ನೇ ನೋಡಿರದ ಮಲ್ಲೇಶ್ವರಿಗೆ ಅದೇನೂ ತಿಳಿಯಲಿಲ್ಲ.

ಅಂಗಡಿಗೆ ಬಂದು ಕುಳಿತವನಿಗೆ ಕೆಲಸ ಮಾಡಲು ಕೈ ಬರಲಿಲ್ಲ. ಹುಡುಗಿಗೆ ತನ್ನಲ್ಲಿದ್ದ ಒಳ್ಳೆಯದನ್ನೇ ಕೊಟ್ಟೆ ಅಂದುಕೊಂಡಿದ್ದ. ಈಗ ನೋಡಿದರೆ ಕೊಟ್ಟದ್ದೇ ಅವಳ ಕಾಲಿಗೆ ತೊಡಕಾಗಿದೆ. ಹೊಸ ಗೆರೆ ಬಂದ ಮೇಲಿನ ಸೋಲಿಗೂ ಗಾಳಿ ಕಾರಣವಲ್ಲ, ರಿಂಗು ಕಾರಣವಲ್ಲ, ಪಾಪ ಆ ಅಂಪೈರನೂ ಕಾರಣನಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮಗಳ ಬಗ್ಗೆ ಸಂಕಟವಾಯಿತು. ರಾತ್ರಿ ಊಟಕ್ಕೆ ಕುಳಿತಾಗಲೂ ರೊಟ್ಟಿ ಮುರಿದು ಮುರಿದು ಇಟ್ಟ.

ಹೆಂಡತಿ ಗೌಹರಬೇಗಂಗೆ ಆಟವೂ ಗೊತ್ತಿಲ್ಲ, ಗೆರೆಯೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಗಂಡ ಉಣ್ಣುತ್ತಿಲ್ಲ ಎನ್ನುವುದಷ್ಟೇ. "ಕ್ಯಾ ಜೀ," ಎಂದು ತನ್ನ ದಖನಿಯಲ್ಲಿ ಶುರುಮಾಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಟೊಂಗೆಯ ಕೆಳಗೆ ಹಾಕುವುದನ್ನು ಟೊಂಗೆ ಕಲಿಸಿತು ಅಂತ ಮೂರು ಹೊತ್ತೂ ಜಂಬ ಕೊಚ್ಚುತ್ತೀರಲ್ಲ, ಮೇಲೆ ಹಾಕುವುದು ಬೇಕಾದರೆ ಇನ್ನೊಂದು ಟೊಂಗೆ ಕಟ್ಟಿ, ಈ ರೊಟ್ಟಿಯ ಮೇಲೆ ಯಾಕೆ ಸಿಟ್ಟು ತೋರಿಸುತ್ತೀರಿ ಎಂದಳು. ಬೈಯುವ ಭರದಲ್ಲಿ ಆಡಿದ ಮಾತು ಅದು. ಯೂನುಸ ಕೈಯಲ್ಲಿನ ತುತ್ತು ಹಿಡಿದುಕೊಂಡೇ ಅವಳ ಮುಖ ನೋಡಿದ. ಆಮೇಲೆ ಇನ್ನೆರಡು ರೊಟ್ಟಿ ಕೇಳಿ ಹಾಕಿಸಿಕೊಂಡ.

ಹುಲಗಪ್ಪ ಈಗ ಶಾಮಿಯಾನ ಬಾಡಿಗೆ ಕೊಡುತ್ತಾನೆ. ಬೆಳಗಾಗುತ್ತಲೇ ಯೂನುಸ ಅವನ ಮನೆ ಬಾಗಿಲಿಗೆ ಹೋಗಿ ಎಲ್ಲಕ್ಕಿಂತ ಉದ್ದನೆಯ ಎರಡು ಗಳ ಕೇಳಿದ.

"ಯಾರ ಮದುವಿಲೇ?" ಎಂದ ಹುಲಗಪ್ಪ.

"ಮದುವಿ ಇಲ್ಲ. ಟೊಂಗಿ ಕಟ್ಟಬೇಕಾಗ್ಯಾದ."

ಹುಲಗಪ್ಪ ಬಿದ್ದು ಬಿದ್ದು ನಕ್ಕ. ಆದರೆ ಗಳಗಳನ್ನು ತಾನೇ ಹೊತ್ತು ತಂದು, ಅಂಗಳದಲ್ಲಿ ಗೆರೆಗೂ ರಿಂಗಿಗೂ ನಡುವೆ ನಿಲ್ಲಿಸಿ, ಬುಡಕ್ಕೆ ಕಲ್ಲು ಪೇರಿಸಿ ಕೊಟ್ಟ. ಆ ಗಳಗಳ ನಡುವೆ ಯೂನುಸ ಗಾದಿಗೆ ಹಾಕುವ ಪಟ್ಟೆಪಟ್ಟೆ ಬಟ್ಟೆಯನ್ನು ಎತ್ತರಕ್ಕೆ ಅಡ್ಡ ಕಟ್ಟಿದ. ಅವನಿಗೆ ಗೊತ್ತಿದ್ದದ್ದು ಟೊಂಗೆಯ ಕೆಳಗೆ ತೂರಿಸುವುದು. ಮಗಳು ಈಗ ಇದರ ಮೇಲೆ ಹಾಯಿಸಬೇಕು.

ಮೊದಲ ದಿನ ಅವಳು ಎಸೆದದ್ದೆಲ್ಲ ಬಟ್ಟೆಗೇ ಬಡಿಯಿತು. ಒಂದೊಂದು ಸಲ ಬಡಿದಾಗಲೂ ಹುಲಗಪ್ಪ ಕಟ್ಟೆಯ ಮೇಲೆ ಕುಳಿತು "ಟೊಂಗೀ!" ಎಂದು ಕೂಗುತ್ತಿದ್ದ. ನುಜ್ಹತಳಿಗೆ ಅಳು ಬಂತು, ಆಮೇಲೆ ಸಿಟ್ಟು ಬಂತು.

"ಅಬ್ಬಾ, ನೀವರ ಒಂದು ಹಾಕಿ ತೋರಸ್ರಿ," ಎಂದಳು ಅಪ್ಪನಿಗೆ.

ಯೂನುಸ ಚೆಂಡು ತೆಗೆದುಕೊಂಡು ಗೆರೆಯ ಹಿಂದೆ ನಿಂತ. ಚೆಂಡು ಅವನ ಕೈ ಬಿಟ್ಟು, ಪಟ್ಟೆ ಬಟ್ಟೆಯ ಕೆಳಗೆ ನುಣ್ಣಗೆ ತೂರಿ, ರಿಂಗಿನ ಅಂಚಿಗೆ ಬಡಿದು ವಾಪಸು ಅವನ ಕೈಗೇ ಬಂತು. ಇನ್ನೊಂದು ಹಾಕಿದ, ಅದೂ ಹಾಗೇ. ತನಗೇ ನಗು ತಡೆಯಲಾಗಲಿಲ್ಲ.

"ನನ್ನ ಕೈ ಏಳಂಗಿಲ್ಲ ಬೇಟಾ. ಅದರ ಮ್ಯಾಲ ಗಿಡದ ಟೊಂಗಿ ಕುಂತದ. ನಿನ್ನ ಕೈ ಮ್ಯಾಲ ನಾ ಕುಂತೀನಿ ಅಷ್ಟ. ನನ್ನ ಕೆಳಗ ಇಳಿಸು."

ಅಪ್ಪನಿಗೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಹುಡುಗಿಯ ಮೈ ಹಗುರಾಯಿತು. ಮಲ್ಲೇಶ್ವರಿ ಬಂದು ಮೊಣಕಾಲು ಹೇಗೆ ಬಾಗಿಸಬೇಕು, ಮಣಿಕಟ್ಟು ಹೇಗೆ ತಿರುಗಿಸಬೇಕು ಎಂದು ಹೇಳಿಕೊಟ್ಟಳು. ಯೂನುಸ ಬಿದ್ದ ಚೆಂಡು ಹೆಕ್ಕಿ ಹೆಕ್ಕಿ ಕೊಟ್ಟ. ದಿನ ಹೋದಂತೆ ಬಟ್ಟೆಗೆ ಬಡಿಯುವುದು ಕಡಿಮೆಯಾಯಿತು. ಹುಲಗಪ್ಪನಿಗೆ ಕೂಗುವ ಕೆಲಸ ತಪ್ಪಿ ಬೇಸರ ಬಂತು.

ಆಯ್ಕೆಯ ದಿನ ಯಾದಗಿರಿಯ ಅಂಗಳ ನೋಡಿ ಯೂನುಸ ಬೆಪ್ಪಾದ. ಮೊಣಕಾಲು ಮುಚ್ಚುವ ಚಡ್ಡಿಗಳು, ಬಣ್ಣಬಣ್ಣದ ಬೂಟು, ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬಳ ಬೆನ್ನ ಮೇಲಂತೂ ಸೊನ್ನೆ ಬರೆದಿತ್ತು. "ಸೊನ್ನಿ ಹಾಕ್ಕೊಂಡು ಯಾರರ ಆಡ್ತಾರೇನಲೇ?" ಎಂದು ಹುಲಗಪ್ಪನ ಕಿವಿಯಲ್ಲಿ ಪಿಸುಗುಟ್ಟಿದ.

ತಂಡದಲ್ಲಿ ಒಂದು ಜಾಗ ಮಾತ್ರ ಉಳಿದಿತ್ತು, ಅದೂ ದೂರದಿಂದ ಹಾಕುವವರಿಗೆ. ಗೆರೆಯ ಹಿಂದಿನಿಂದ ಹತ್ತು ಚೆಂಡು ಹಾಕಬೇಕು, ಅದರಲ್ಲಿ ಆರು ಬೀಳಲೇಬೇಕು ಎಂದರು. ಅಲ್ಲಿಯವರೆಗೆ ಹಾಕಿದ ಯಾರಿಗೂ ಆರು ಬಿದ್ದಿರಲಿಲ್ಲ. ಕೊನೆಗೆ ನುಜ್ಹತ ನಿಂತಳು. ಎದುರಿಗೆ ಪಟ್ಟೆ ಬಟ್ಟೆ ಇಲ್ಲ, ಬರೀ ಬಯಲು. ಮೊದಲನೆಯ ಚೆಂಡು ನೇರ ಹೋಗಿ ರಿಂಗಿನ ಅಂಚಿಗೆ ಬಡಿಯಿತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಹೆದರಿಕೆಯಲ್ಲಿ ಹುಡುಗಿಯ ಕೈ ಮತ್ತೆ ಅಪ್ಪನ ಕೈಯಾಗಿತ್ತು.

ಏನು ಮಾಡುತ್ತಿದ್ದೇನೆಂಬುದು ಯೂನುಸನಿಗೇ ಗೊತ್ತಾಗಲಿಲ್ಲ. ಎದ್ದು ಬೋರ್ಡಿನ ಹಿಂದಿನ ಮೆಟ್ಟಿಲು ಹತ್ತಿ, ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ತಲೆಯ ಮೇಲೆ ಎತ್ತಿ ನಿಂತ. ಪಟ್ಟೆಪಟ್ಟೆ ಟವೆಲು. "ಯಾರ್ರೀ ಅವರು, ಕುಂದ್ರಸ್ರಿ," ಎಂದು ಆಯ್ಕೆಯವರೊಬ್ಬರು ಗೊಣಗಿದರು. ನುಜ್ಹತ ತಲೆ ಎತ್ತಿ ನೋಡಿದಳು. ನಕ್ಕಳು. ಮೊಣಕಾಲು ಬಾಗಿಸಿದಳು.

ಚೆಂಡು ಎದ್ದಿತು. ಹಳೆಯ ಅಂಗಳದಲ್ಲಾದರೆ ಬೇವಿನ ಎಲೆಯನ್ನೆಲ್ಲ ಉದುರಿಸಿಕೊಂಡು ಹೋಗುವಷ್ಟು ಮೇಲೆ ಎದ್ದಿತು. ಯೂನುಸನ ಬಾಯಿಂದ ತಾನಾಗಿಯೇ ಹೊರಟುಬಿಟ್ಟಿತು, "ಟೊಂಗೀ!"

ಇಡೀ ಅಂಗಳ ತಿರುಗಿ ಅವನನ್ನು ನೋಡಿತು. ಆ ಹೊತ್ತಿಗೆ ಚೆಂಡು ಮೇಲಿಂದ ಇಳಿದು, ಎಲ್ಲೂ ತಗುಲದೆ, ಬಲೆಯೊಳಗೆ ಸುಯ್ಯೆಂದು ಬಿತ್ತು. ಮುಂದಿನದಕ್ಕೆ ಹುಲಗಪ್ಪನೂ ಸೇರಿ ಕೂಗಿದ. ಅದರ ಮುಂದಿನದಕ್ಕೆ ಸುತ್ತ ನಿಂತಿದ್ದ ಹುಡುಗಿಯರು, ಏನೂ ಅರ್ಥವಾಗದಿದ್ದರೂ, "ಟೊಂಗೀ!" ಎಂದು ಚೀರಿದರು. ನಡುವೆ ಒಂದು ತಪ್ಪಿತು, ಆದರೆ ಅದೂ ಮೇಲಿಂದಲೇ ಬಂದು ತಪ್ಪಿತು. ಹತ್ತನೆಯ ಚೆಂಡಿಗೆ ಆರನೆಯದು ಬಿತ್ತು.

ತಂಡಕ್ಕೆ ನುಜ್ಹತಳ ಹೆಸರು ಕರೆದಾದ ಮೇಲೆ ಆಯ್ಕೆಯವರು ಅವಳನ್ನು ಹತ್ತಿರ ಕರೆದು ಕೇಳಿದರು. "ಏನವ್ವ, ಅದೇನು ನಿಮ್ಮಪ್ಪ ಒದರಿದ್ದು?"

"ಅದು ನಮ್ಮೂರಾಗ ತಪ್ಪು ಅಂತ ಹೇಳೋದ್ರಿ ಸರ್," ಎಂದಳು ನುಜ್ಹತ. "ಚೆಂಡು ಟೊಂಗಿಗೆ ಬಡೀತು ಅಂತ. ಅಪ್ಪನ ಚೆಂಡು ಒಮ್ಮಿನೂ ಅಷ್ಟು ಮ್ಯಾಲ ಹೋಗಿಲ್ರಿ."

ಮೆಟ್ಟಿಲ ಮೇಲೆ ನಿಂತಿದ್ದ ಯೂನುಸನಿಗೆ ಅದು ಕೇಳಿಸಿತು. ಅವನು ಟವೆಲಿನಿಂದ ಕಣ್ಣೊರೆಸಿಕೊಂಡು, "ಖರೇ ಅದ್ರಿ, ಒಮ್ಮಿನೂ ಹೋಗಿಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ.