ಊಟ ಆಯ್ತಾ ಎಂದ ಹುಲಿ

ಯಾರಾದರೂ ‘ಊಟ ಆಯ್ತಾ?’ ಎಂದು ಕೇಳಿದರೆ ಉತ್ತರ ಕೊಡದೆ ಇರುವುದು ನನ್ನ ಕೈಲಾಗದ ಕೆಲಸ. ಹಾಲಿನವನು ಕೇಳಲಿ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನು ಕೇಳಲಿ, ನಾನು ‘ಆಯ್ತು’ ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸಿದರೆ ಮಾತು ಮೊಂಡಾಯಿತೇನೋ ಅನ್ನಿಸಿ ಏನು ಸಾರು ಎಂಬುದನ್ನೂ ಸೇರಿಸುತ್ತೇನೆ. ನಮ್ಮ ಮಧುಗಿರಿಯಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಎಲ್ಲರ ಮನೆಯ ಸಾರು ಎಲ್ಲರಿಗೂ ಗೊತ್ತು. ಇದರ ಮೇಲೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಇನ್ನೊಂದು ಪದರ ಬಳಿದರು. ಯಾರು ಏನು ಕೇಳಿದರೂ ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು, ಬರೀ ಹೂಂ ಅನ್ನುವುದು ಎಮ್ಮೆಯ ಲಕ್ಷಣ ಎಂದು ಕಲಿಸಿದರು. ಹೀಗೆ ಎರಡು ಸಲ ಕಲಾಯಿ ಹಾಕಿಸಿಕೊಂಡ ಪಾತ್ರೆ ನಾನು. ಹೊಳೆಯುತ್ತೇನೆ, ಆದರೆ ಬಿಸಿ ತಗಲಿದರೆ ಹಿಡಿದುಕೊಳ್ಳಲು ಹಿಡಿಕೆಯೇ ಇಲ್ಲ.

ಪಾವಗಡದಲ್ಲಿರುವ ನನ್ನ ಅಕ್ಕನೂ ನಾನೂ ಮಧ್ಯಾಹ್ನ ಪಾತ್ರೆ ತೊಳೆದು, ಒಲೆ ಕಟ್ಟೆ ಒರೆಸಿದ ಮೇಲೆ ಫೋನಿನಲ್ಲಿ ಲೂಡೊ ಆಡುತ್ತೇವೆ. ಆಟದಲ್ಲಿ ನಾಲ್ಕು ಮನೆ. ಎರಡು ನಮ್ಮವು, ಉಳಿದೆರಡಕ್ಕೆ ಎಲ್ಲಿಂದಲೋ ಯಾರೋ ಬಂದು ಕೂರುತ್ತಾರೆ. ಆಟಕ್ಕೆ ಸೇರುವಾಗ ಒಂದು ಹೆಸರು ಇಟ್ಟುಕೊಳ್ಳಿ ಎಂದಿತು. ನಾನು ಬಹಳ ಯೋಚಿಸಿ ‘ಹೆಡ್ ಗರ್ಲ್’ ಎಂದಿಟ್ಟೆ. ಶಾಲೆಯಲ್ಲಿ ಆ ಬಿಲ್ಲೆ ನನ್ನ ಕೊರಳಪಟ್ಟಿಯ ಹತ್ತಿರ ಬಂದು ಪಕ್ಕದವಳಿಗೆ ಹೋಗಿತ್ತು. ಇಷ್ಟು ವರ್ಷಗಳ ನಂತರ ನನಗೆ ನಾನೇ ಕೊಟ್ಟುಕೊಂಡೆ. ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಆಡುವ ಹೆಡ್ ಗರ್ಲನ್ನು ಆಚೆ ಕುಳಿತವರು ಏನೆಂದು ಕಲ್ಪಿಸಿಕೊಂಡಾರು ಎಂಬುದು ಹೊಳೆಯಲಿಲ್ಲ.

ನಮ್ಮೂರ ಕೋಟೆಯ ಬಂಡೆಯ ಮೇಲೆ ಯಾರೋ ಕಾವಲಿನವರು ಕೊರೆದಿರಬಹುದಾದ ಆಟದ ಮನೆಗಳನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಗಂಡಸರು ಕಲ್ಲಿನಲ್ಲಿ ಕೊರೆದು ಆಡಿದರು. ಹೆಂಗಸರು ನಡುಮನೆಯಲ್ಲಿ ಸೀಮೆಸುಣ್ಣದಿಂದ ಗೀಚಿಕೊಂಡು ಕವಡೆ ಹಾಕಿ ಚೌಕಾಬಾರ ಆಡಿ, ಸಂಜೆಗೆ ಒರೆಸಿದರು. ಒರೆಸಿ ಹೋಗುವ ಆಟವಾದರೂ ಅಲ್ಲೊಂದು ನೆಮ್ಮದಿಯಿತ್ತು. ಹೊಸಿಲು ದಾಟಿ ಗುರುತಿಲ್ಲದವನು ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಂತಿರಲಿಲ್ಲ. ಫೋನಿನ ಆಟಕ್ಕೆ ಹೊಸಿಲಿಲ್ಲ.

ಹಾಗೆ ಬಂದು ಕೂತವನು ‘ಲೋನ್ಲಿ ಟೈಗರ್’. ಆಟ ಮುಗಿದ ಮೇಲೆ ಸಂದೇಶ ಬಂತು: ‘ಊಟ ಆಯ್ತಾ?’ ನನ್ನ ದೌರ್ಬಲ್ಯಕ್ಕೇ ಗುರಿಯಿಟ್ಟು ಹೊಡೆದಂತಿತ್ತು. ಆಯಿತು, ಮುದ್ದೆ ಮತ್ತು ಹುರುಳಿಕಾಳಿನ ಬಸ್ಸಾರು ಎಂದು ಪೂರ್ತಿ ವಾಕ್ಯದಲ್ಲಿ ಬರೆದೆ. ‘ಓ, ನಮ್ ಕಡೆಯೋರೇ’ ಎಂದ. ಇನ್ನೊಂದು ದಿನ ಕೇಳಿದಾಗ, ಕರೆಂಟಿಲ್ಲ, ಬೆಟ್ಟದ ಬಂಡೆ ಕಾದು ಬರುವ ಗಾಳಿಗೆ ಊಟ ಸೇರಲಿಲ್ಲ ಎಂದೆ. ಮತ್ತೊಂದು ದಿನ ಶುಕ್ರವಾರ. ಗೊರವನಹಳ್ಳಿಗೆ ಹೋಗಿದ್ದೆ, ಪ್ರಸಾದ ಅಲ್ಲೇ ಆಯಿತು, ತಿಂಗಳ ಮೊದಲ ಶುಕ್ರವಾರ ತಪ್ಪಿಸುವುದಿಲ್ಲ ಎಂದೆ. ನನ್ನ ಹೆಸರನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಷ್ಟು ಜಾಣೆ ಎಂದುಕೊಂಡೆ. ಸಾರು, ಬೆಟ್ಟ, ದೇವಸ್ಥಾನ ಮೂರನ್ನೂ ಪೋಣಿಸಿದರೆ ವಿಳಾಸವಾಗುತ್ತದೆ ಎಂದು ಯಾರಿಗೆ ಗೊತ್ತು?

ಅವನಿಗೆ ಗೊತ್ತಿತ್ತು. ‘ಬೆಟ್ಟ ಇರೋ ಊರು, ಗೊರವನಹಳ್ಳಿಗೆ ಹತ್ರ. ಮಧುಗಿರಿ ತಾನೆ?’ ಎಂದ. ಆಮೇಲೆ ಯಾವ ಬಣ್ಣದ ಸೀರೆ ಉಟ್ಟಿದ್ದೀಯ ಎಂದು ಏಕವಚನ ಬಂತು, ಫೋಟೋ ಕಳಿಸು ಎಂದು ಬಂತು. ಇನ್ನು ಕೆಲವು ಮಾತುಗಳಿದ್ದವು, ಅವನ್ನು ಇಲ್ಲಿ ಬರೆಯಲಾರೆ. ಕೊನೆಗೆ ಬಂದದ್ದು: ‘ಬರೋ ತಿಂಗಳ ಮೊದಲ ಶುಕ್ರವಾರ ಗೊರವನಹಳ್ಳಿಗೆ ನಾನೂ ಬರ್ತೀನಿ. ನಿನ್ನ ಗುರುತು ಹಿಡೀತೀನಿ ನೋಡ್ತಿರು.’

ಅಂದಿನಿಂದ ನನ್ನ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಎದುರಿಗೇ ನಿಂತಿದ್ದರೂ ಹಾಲು ಉಕ್ಕಿತು. ಒಣಗಿದ ಬಟ್ಟೆ ಮಡಿಸಿ, ಬಿಡಿಸಿ, ಮತ್ತೆ ಮಡಿಸಿದೆ. ಬೀದಿಯಲ್ಲಿ ಫೋನು ನೋಡುತ್ತ ನಕ್ಕ ಗಂಡಸರೆಲ್ಲ ಹುಲಿಗಳಾದರು. ತರಕಾರಿ ಗಾಡಿಯವನ ಫೋನಿನ ಹಿಂದೆ ಹುಲಿಮುಖದ ಸ್ಟಿಕ್ಕರ್ ಕಂಡು ಕೊತ್ತಂಬರಿ ಕೊಳ್ಳದೆ ಬಂದುಬಿಟ್ಟೆ. ಪಾಪ, ಅವನಿಗೆ ಅರವತ್ತು ದಾಟಿದೆ. ಸ್ಟಿಕ್ಕರ್ ಅಂಟಿಸಿದ್ದು ಮೊಮ್ಮಗಳಂತೆ.

ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಪಾವಗಡದ ನೀರು ಕುಡಿದು ಅವಳ ಬೈಗುಳಕ್ಕೂ ತೆಲುಗಿನ ಒಗ್ಗರಣೆ ಬಿದ್ದಿದೆ. “ಏಮೇ, ಅವನೇನು ನಿನಗೆ ಅತ್ತೆನಾ, ದಿನಾ ಏನ್ ಸಾರು ಅಂತ ಒಪ್ಪಿಸೋಕೆ?” ಎಂದಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮನೇಲಿ ಗೊತ್ತಾದ್ರೆ ಫೋನೇ ಕಿತ್ಕಂತಾರೆ. ಆಟ ನಿಂತೋದ್ರೆ ನಂಗೆ ಮಧ್ಯಾಹ್ನ ಅನ್ನೋದೇ ಇಲ್ಲ ಕಣೇ.”

ನನ್ನ ಭಯವೂ ಅದೇ. ಹುಲಿಗಿಂತ ಅದರ ಪರಿಹಾರಕ್ಕೇ ನಾನು ಹೆದರಿದ್ದೆ. ಈ ಪರಿಹಾರ ನನಗೆ ಹಳೆಯ ಪರಿಚಯ. ಓದುವ ಕಾಲದಲ್ಲಿ ಬಸ್ ಸ್ಟ್ಯಾಂಡಿನ ದಾರಿಯ ಸೈಕಲ್ ಅಂಗಡಿ ಮುಂದೆ ಹುಡುಗರು ನಿಂತು ನಮ್ಮನ್ನು ಕಂಡರೆ ಸಿಳ್ಳೆ ಹಾಕುತ್ತಿದ್ದರು. ದೊಡ್ಡವರು ಹುಡುಗರಿಗೆ ಏನೂ ಹೇಳಲಿಲ್ಲ. ನಮಗೆ ಹಿಂದಿನ ಬೀದಿ ಸುತ್ತಿಕೊಂಡು ಹೋಗಿ ಎಂದರು. ಹುಟ್ಟಿದ ಊರಲ್ಲೇ ಮದುವೆಯಾಗಿ ಉಳಿದವಳು ನಾನು. ಸೈಕಲ್ ಅಂಗಡಿ ಮುಚ್ಚಿ ಮೊಬೈಲ್ ಅಂಗಡಿಯಾಗಿದೆ, ಆ ಹುಡುಗರಲ್ಲಿ ಒಬ್ಬಿಬ್ಬರು ತಾತಂದಿರೂ ಆಗಿದ್ದಾರೆ. ನನ್ನ ಕಾಲು ಮಾತ್ರ ಈಗಲೂ ತಾನಾಗಿ ಹಿಂದಿನ ಬೀದಿಗೇ ತಿರುಗುತ್ತದೆ. ಅಲ್ಲೊಂದು ಮೋರಿ ಸದಾ ಒಡೆದಿರುತ್ತದೆ. ಸೀರೆ ಎತ್ತಿ ಹಿಡಿದು ದಾಟುತ್ತೇನೆ.

ಪಿಯುಸಿ ಓದುವ ಮಗಳು ಮೇಘಾ ನನ್ನ ಮುಖ ನೋಡಿಯೇ ಫೋನು ಕೈಗೆ ತೆಗೆದುಕೊಂಡಳು. ಓದಿದಳು. ಬಯ್ಯುತ್ತಾಳೆಂದು ಕಾದಿದ್ದೆ, ರಿಪೋರ್ಟ್ ಮಾಡಿದೆಯಾ ಎಂದಳು. ಇನ್ನು ಮೇಲೆ ಅವನಿಗೆ ಒಂದಕ್ಷರವೂ ಉತ್ತರ ಕೊಡಬಾರದು, ಸಂದೇಶಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು, ರಿಪೋರ್ಟ್ ಮಾಡಬೇಕು, ಆಮೇಲೆ ಬ್ಲಾಕ್ ಮಾಡಬೇಕು. ಗುರುತಿದ್ದವರಷ್ಟೇ ಸೇರುವ ಕೋಣೆ ಮಾಡಿಕೊಂಡು ಆಡಬಹುದು. ಆಟಕ್ಕೂ ಒಂದು ಹೊಸಿಲು ಇತ್ತೆಂದಾಯಿತು, ನನಗೆ ಕಂಡಿರಲಿಲ್ಲ ಅಷ್ಟೆ. ಇದನ್ನೆಲ್ಲ ಹೇಳಿ ಅವಳು ಟ್ಯೂಷನ್ನಿಗೆ ಓಡಿದಳು.

ನಾನೊಬ್ಬಳೇ ರಿಪೋರ್ಟಿಗೆ ಕೂತೆ. ಹೆಸರಿನ ಪಕ್ಕದ ಪುಟ್ಟ ಬಾವುಟ ಒತ್ತಿದರೆ ಕಾರಣ ಕೇಳಿತು: ಮೋಸವೇ, ಬೈಗುಳವೇ, ಕಿರುಕುಳವೇ? ಕಿರುಕುಳ ಎಂಬ ಮಾತನ್ನು ಪತ್ರಿಕೆಯಲ್ಲಿ ಬೇರೆಯವರ ಮನೆಯ ಸುದ್ದಿಯಾಗಿ ಓದಿದ್ದೆ. ಅದನ್ನು ನನ್ನ ಬೆರಳಿನಿಂದ ನನಗಾಗಿ ಒತ್ತುವಾಗ, ಪಕ್ಕದ ಮನೆಯವರ ಬಾಗಿಲು ತಟ್ಟಿದಷ್ಟು ಸಂಕೋಚವಾಯಿತು. ವಿವರ ಬರೆಯುವ ಜಾಗದಲ್ಲಿ ‘ರೆಸ್ಪೆಕ್ಟೆಡ್ ಸರ್ ಆರ್ ಮೇಡಮ್’ ಎಂದು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಆರಂಭಿಸಿದೆ. ನನ್ನ ಗೌರವ ಮುಗಿಯುವ ಮೊದಲೇ ಜಾಗ ಮುಗಿಯಿತು. ಸಾಕ್ಷಿಗೆ ಚಿತ್ರ ಸೇರಿಸಿ ಎಂದಿತು. ಯಾವುದು ಸೇರಿಸುವುದು? ಸೀರೆಯ ಮಾತನ್ನು, ಅದಕ್ಕಿಂತ ಕೆಟ್ಟದ್ದನ್ನು, ಎಲ್ಲೋ ಕುಳಿತ ಆಟದ ಕಂಪನಿಯ ಅಪರಿಚಿತರಿಗೆ ಹೇಗೆ ತೋರಿಸಲಿ? ಮರ್ಯಾದೆಯಾಗಿ ಕಾಣುವ ಒಂದನ್ನು ಆರಿಸಿ ಕಳಿಸಿದೆ. ಮಾರನೆಯ ದಿನ ಉತ್ತರ ಬಂತು: ನಿಯಮ ಮೀರಿದ ನಡವಳಿಕೆ ಕಂಡುಬಂದಿಲ್ಲ.

ಮೇಘಾ ನಾನು ಕಳಿಸಿದ ಚಿತ್ರ ತೆರೆದು ನೋಡಿದಳು. ಅದರಲ್ಲಿ ‘ಊಟ ಆಯ್ತಾ?’ ಎಂಬ ಪ್ರಶ್ನೆ, ಕೆಳಗೆ ನನ್ನ ಬಸ್ಸಾರು.

“ಅಮ್ಮಾ, ಇದ್ರಲ್ಲಿ ಕಿರುಕುಳ ಕೊಟ್ಟಿರೋದು ನೀನು ಅನ್ಸುತ್ತೆ,” ಎಂದಳು.

ನಕ್ಕೆವು. ನಗುತ್ತಲೇ ನನಗೊಂದು ವಿಷಯ ಹೊಳೆಯಿತು. ನಮ್ಮ ಹೆಂಗಸರು ಡಾಕ್ಟರ ಹತ್ತಿರ ಹೋದಾಗಲೂ ಹೀಗೆಯೇ. ಎಲ್ಲೋ ಹೇಳಲಾಗದ ಕಡೆ ನೋವಿರುತ್ತದೆ, ತಲೆನೋವು ಎಂದು ಹೇಳಿ ಗುಳಿಗೆ ತರುತ್ತೇವೆ. ಆಮೇಲೆ ಆ ಡಾಕ್ಟರ ಕೈಗುಣ ಸರಿಯಿಲ್ಲ ಎನ್ನುತ್ತೇವೆ. ಈ ಸಲ ಅವನ ಮಾತುಗಳೆಲ್ಲವನ್ನೂ ಇದ್ದಹಾಗೆ ಕಳಿಸಿದೆ. ಕೊನೆಯ ಗೊರವನಹಳ್ಳಿಯ ಮಾತನ್ನಂತೂ ಮೊದಲಿಗೇ ಇಟ್ಟೆ.

ಉತ್ತರ ಬರುವ ಮೊದಲೇ ನಮ್ಮವರಿಗೂ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ಸುಲಭವಾಗಿ ಸಿಗುವ ದಾರಿಯನ್ನೇ ಹಿಡಿಯುತ್ತಾರೆ. “ತೆಗೆದಾಕ್ಬುಡು ಆ ಆಟಾನ. ಗೊರವನಹಳ್ಳಿಗೂ ಈ ಸಲ ಬ್ಯಾಡ,” ಎಂದರು.

“ಅವನನ್ನ ತೆಗೀರಿ ಅಂತ ಬರ್ದಿದೀನಿ ಕಣ್ರೀ. ನಾನ್ಯಾಕೆ ಹೋಗ್ಲಿ?” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. ಲೆಕ್ಕ ತಪ್ಪಿದಾಗ ಅವರು ಮಾಡುವುದು ಅದನ್ನೇ. ಆಮೇಲೆ, ಶುಕ್ರವಾರ ರಜ ಹಾಕಿ ಬರಲೇ ಎಂದು ಕೇಳಿದರು. ಬೇಡ, ಮೇಘಾ ಬರುತ್ತಾಳೆ ಎಂದೆ.

ಗುರುವಾರ ಸಂದೇಶ ಬಂತು: ಆ ಆಟಗಾರನ ಖಾತೆಯನ್ನು ಮುಚ್ಚಲಾಗಿದೆ. ಅಕ್ಕನಿಗೆ ಹೇಳಿದೆ. ಸರಿ, ಮೂರು ಗಂಟೆಗೆ ಆಟಕ್ಕೆ ಬಾ ಎಂದಷ್ಟೇ ಅಂದಳು. ಇಷ್ಟು ಚಿಕ್ಕ ವಾಕ್ಯದಲ್ಲಿ ಅವಳ ಅಷ್ಟು ಸಂತೋಷವನ್ನು ನಾನು ಎಂದೂ ಕೇಳಿರಲಿಲ್ಲ. ಆದರೆ ಖಾತೆ ಮುಚ್ಚಿದರೆ ಮನುಷ್ಯ ಮುಚ್ಚುತ್ತಾನೆಯೇ? ಶುಕ್ರವಾರ ಬೆಳಿಗ್ಗೆ ಮೂರು ಸೀರೆ ತೆಗೆದು, ಒಳಗಿಟ್ಟು, ಕೊನೆಗೆ ನನಗೆ ಇಷ್ಟವಾದ ಸಾಸಿವೆ ಬಣ್ಣದ್ದನ್ನೇ ಉಟ್ಟೆ. ಬಸ್ ಸ್ಟ್ಯಾಂಡಿಗೆ ಹೊರಟಾಗ ಕಾಲು ಹಿಂದಿನ ಬೀದಿಗೆ ತಿರುಗಿತು. ಈ ಕಡೆ ಯಾಕಮ್ಮ, ನೇರ ದಾರಿ ಇದೆಯಲ್ಲ ಎಂದಳು ಮೇಘಾ. ಹೌದಲ್ಲ ಎಂದುಕೊಂಡು ಕಾಲನ್ನು ಈಚೆಗೆಳೆದೆ. ಮೊಬೈಲ್ ಅಂಗಡಿಯ ಮುಂದೆ ನಿಂತಿದ್ದವರು ಯಾರೂ ತಲೆ ಎತ್ತಲಿಲ್ಲ. ಸೀರೆಯ ಅಂಚೂ ಒದ್ದೆಯಾಗಲಿಲ್ಲ.

ಗೊರವನಹಳ್ಳಿಯ ಸಾಲಿನಲ್ಲಿ ಫೋನು ಹಿಡಿದ ಗಂಡಸರು ಬೇಕಾದಷ್ಟು ಜನ ಇದ್ದರು. ಒಬ್ಬೊಬ್ಬರನ್ನೂ ನೋಡಿದೆ. ಮಗುವಿಗೆ ಹಾಡು ತೋರಿಸುವವರು, ಬಸ್ಸಿನ ಹೊತ್ತು ವಿಚಾರಿಸುವವರು, ನಮ್ಮ ಹಾಗೆಯೇ ಬೆವರುವವರು. ಅವರಲ್ಲೊಬ್ಬ ಅವನಾಗಿದ್ದನೋ ಏನೋ, ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಸಾಲು ಮುಂದೆ ಸರಿಯಿತು, ನಾನೂ ಸರಿದೆ.

ಆಗ ಬೆನ್ನ ಹಿಂದಿನಿಂದ ಬಂತು: “ಊಟ ಆಯ್ತೇನವ್ವಾ?”

ಬಾಯಿಗೆ ಬಂದ ಉತ್ತರವನ್ನು ಜೀವನದಲ್ಲಿ ಮೊದಲ ಸಲ ಹಲ್ಲಿನ ಹಿಂದೆಯೇ ನಿಲ್ಲಿಸಿ, ತಿರುಗಿ ಮುಖ ನೋಡಿದೆ. ಎಲೆ ಅಡಿಕೆಯಿಂದ ಕೆಂಪಾದ ಬಾಯಿ, ಮಡಿಲಲ್ಲಿ ಕನಕಾಂಬರದ ಪೊಟ್ಟಣ, ಒಬ್ಬ ಅಜ್ಜಿ, ತಾವರೆಕೆರೆಯಿಂದ ಬಂದದ್ದಂತೆ. ನಿಂತು ನಿಂತು ಬೇಸರವಾಗಿ ಮಾತಿಗೆ ಜನ ಹುಡುಕುತ್ತಿತ್ತು.

“ಆಯ್ತು ಕಣಜ್ಜಿ, ನಿಂದು?” ಎಂದೆ.

ಅಜ್ಜಿಯದು ಆಗಿರಲಿಲ್ಲ. ಚೀಲದಲ್ಲಿದ್ದ ಬಾಳೆಹಣ್ಣೊಂದನ್ನು ಕೊಟ್ಟೆ. ಊರು, ಮಕ್ಕಳು, ಮಂಡಿ ನೋವು ಎಲ್ಲ ಮಾತಾಡಿದೆವು. ನಮ್ಮ ಮನೆಯಲ್ಲಿ ಅಂದು ಏನು ಸಾರು ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.