ಮೀರಾಬಾಯಿಯ ಕಷಾಯ, ಹುಳಗಳ ಪಥ್ಯ

ಬೇಮಳಖೇಡದ ಮೀರಾಬಾಯಿ ಹೊಲದ ಕೂಲಿಯವಳು, ಧರಣಿ ಕೂರುವುದರಲ್ಲಿ ಪಳಗಿದವಳು. ಬಸವಕಲ್ಯಾಣದಲ್ಲಿ ಕೂಲಿ ಹೆಚ್ಚಿಸಿರೆಂದು ಕೂತಿದ್ದಾಗ ಟ್ಯಾಂಕರ್ ನೀರು ಕುಡಿದು ಹನ್ನೊಂದು ಮಂದಿಗೆ ಭೇದಿ ಹತ್ತಿತು. ಘೋಷಣೆ ಕೂಗಲು ಬಾಯಿ ತೆರೆದವರು ಚೊಂಬು ಹಿಡಿದು ಓಡತೊಡಗಿದರು. ಮೀರಾಬಾಯಿ ದಾಳಿಂಬೆ ಸಿಪ್ಪೆ, ಬಿಲ್ವದ ಎಳೆಕಾಯಿ ಕುದಿಸಿ ಲೋಟಗಟ್ಟಲೆ ಕುಡಿಸಿದಳು. ಮೂರು ದಿನ ಜೋಳದ ತಿಳಿಗಂಜಿ ಬಿಟ್ಟು ಬೇರೇನೂ ಮುಟ್ಟಗೊಡಲಿಲ್ಲ. ಅಂದಿನಿಂದ ಸುತ್ತಲಿನ ಕೆಟ್ಟ ಹೊಟ್ಟೆಗಳೆಲ್ಲ ಅವಳ ಅಂಗಳಕ್ಕೇ.

ಹುಮನಾಬಾದಿನ ಒಂದು ಕಾಲೇಜಿನಲ್ಲಿ ಕಲಿಸುವ ಪೂನಂ ಆ ಕಷಾಯವನ್ನು ಪರೀಕ್ಷೆಗೆ ಒಯ್ದಳು. ಕರುಳಿಗೆ ಬಾವು ತರುವ, ಬರಿಗಣ್ಣಿಗೆ ಕಾಣದ ರೋಗದ ಹುಳಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನಡುವೆ ಔಷಧ ಹಾಕುವುದು. ಔಷಧಕ್ಕೆ ಕಸುವಿದ್ದರೆ ಸುತ್ತ ಹುಳವಿಲ್ಲದ ಬಯಲು ಬೀಳುತ್ತದೆ. ಮೀರಾಬಾಯಿ ಮನ್ನಾಏಖೇಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದಳು: "ಬಯಲು ಬೀಳಲಿಲ್ಲಂದ್ರ ಇನ್ಮ್ಯಾಲ ಕಷಾಯ ಕುದಸಂಗಿಲ್ಲ."

ಕಾಲೇಜಿಗೆ ಹೋಗಿ ನೋಡಿದರೆ, ಹೋಲಿಕೆಗೆಂದು ಇಟ್ಟ ದವಾಖಾನೆ ಗುಳಿಗೆಯ ಬಯಲು ರೂಪಾಯಿಯಷ್ಟಗಲ. ಅವಳ ಕಷಾಯದ್ದು ಮೂಗುಬೊಟ್ಟಿನಷ್ಟೂ ಇಲ್ಲ.

"ಈ ಹುಳಕ್ಕ ಉಣ್ಣಾಕ ಏನ್ ಕೊಟ್ಟಿದಿ?"

"ಮಾಂಸದ ಸಾರು, ಆಯಿ. ಎಲ್ಲಾ ಕಡಿ ಅದೇ ಕೊಡ್ತಾರ," ಎಂದಳು ಪೂನಂ.

"ಮಟನ್ ಸಾರು ತಿನ್ಸಾಕತ್ತಿ, ಮತ್ತ ಔಷಧ ಹತ್ತವಲ್ದು ಅಂತಿ. ಪಥ್ಯ ಎಲ್ಲಿ ಅದ?"

"ಹುಳ ಅಂದ್ರ ರೋಗಿ ಅಲ್ಲ ಆಯಿ, ಅದೇ ರೋಗ."

"ಯಾರರೆ ಆಗ್ಲಿ ತಂಗಿ. ನನ್ನ ಕಷಾಯ ಕುಡಿಯಾವ್ರು ಗಂಜಿನೇ ಉಣ್ಣಬೇಕು."

ಹೇಳಿದವಳೇ ಲ್ಯಾಬಿನ ಬಾಗಿಲಿಗೆ ಅಡ್ಡ ಕೂತಳು. ಪ್ರಿನ್ಸಿಪಾಲ್ ಗುರುನಾಥ ಬಂದು, "ಏಳ್ರಿ ಬಾಯಿ, ಏನ್ ನಿಮ್ಮ ಬೇಡಿಕಿ?" ಎಂದರು.

"ಹುಳಕ್ಕ ಗಂಜಿ ಹಾಕ್ರಿ ಸಾಹೇಬ್ರ."

ಇಷ್ಟು ವರ್ಷ ಮನುಷ್ಯರ ಹೊಟ್ಟೆಗಾಗಿ ಕೂತವಳು ಅಂದು ಹುಳಗಳ ಹೊಟ್ಟೆಗಾಗಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಗೆದ್ದಳು.

ಪೂನಂ ಎರಡು ತಟ್ಟೆಗೆ ಗಂಜಿ ಹುಯ್ದು ಹುಳ ಬಿಟ್ಟಳು. ಕಷಾಯ ಒಂದಕ್ಕೆ ಮಾತ್ರ. ಎರಡು ದಿನ ಬಿಟ್ಟು ನೋಡಿದರೆ ಕಷಾಯದ ತಟ್ಟೆ ಪೂರಾ ಖಾಲಿ. ಮೀರಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿದಳು. ಪೂನಂ ಎರಡನೆಯ ತಟ್ಟೆ ಮುಂದೆ ಸರಿಸಿದಳು. ಅದೂ ಖಾಲಿ.

"ಕಷಾಯ ಹಾಕದಿದ್ರೂ ಬೆಳದಿಲ್ಲ ಆಯಿ. ನಿಮ್ಮ ಗಂಜಿ ಉಂಡು ಯಾವ ಹುಳಾನೂ ಬದುಕಿಲ್ಲ."

ಮೀರಾಬಾಯಿ ಎರಡೂ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಅಂದ್ರ ಗೆದ್ದದ್ದು ಗಂಜಿ."

ಕೊಟ್ಟ ಮಾತಿನಂತೆ ಕಷಾಯ ನಿಲ್ಲಿಸಿದ್ದಾಳೆ. ಹೊಟ್ಟೆ ಹಿಡಿದು ಬಂದವರಿಗೆ ಈಗ ಬರೀ ಗಂಜಿ. ರಕ್ತ ಬಿದ್ದರೆ ದವಾಖಾನೆಯ ದಾರಿ ತೋರಿಸುತ್ತಾಳೆ. ಬರೀ ಗಂಜಿ ಕುಡಿದವರೂ ಮೊದಲಿನಂತೆಯೇ ಗುಣವಾಗುತ್ತಿದ್ದಾರೆ.

ಅವಳ ಸಿಟ್ಟೆಲ್ಲ ಅದಕ್ಕೇ.